ಗಚ್ಚು ಬಡಿಯುವ ಸತ್ಯವ್ವ

ಹಾಲಿನವರ ಸೈಕಲ್ಲು ಇನ್ನೂ ಓಣಿಗೆ ಬಂದಿಲ್ಲ. ಧಾರವಾಡದ ಏಕನಾಥರಾಯರ ಹಳೆಯ ವಾಡೆಯ ನಡು ಅಂಗಳದಲ್ಲಿ ಆಗಲೇ ಧಪ್ ಧಪ್ ಸದ್ದು ಶುರುವಾಗಿದೆ. ಕಚ್ಚೆ ಬಿಗಿದು ಕುಕ್ಕರಗಾಲಲ್ಲಿ ಕೂತ ಸತ್ಯವ್ವ ಹಸಿ ಗಚ್ಚಿನ ನೆಲವನ್ನು ಮರದ ಬಡಿಗೆಯಿಂದ ಬಡಿಯುತ್ತಿದ್ದಾರೆ. ಎದುರಿಗೆ ಗೆಳತಿ ಮೈಮುನಾ. ಒಬ್ಬರ ಬಡಿಗೆ ಎದ್ದಾಗ ಇನ್ನೊಬ್ಬರದು ಬೀಳಬೇಕು, ತಾಳ ತಪ್ಪಿದವರು ಚಹಾ ಕುಡಿಸಬೇಕು. ಕುಡಿಸುವುದು ಯಾವಾಗಲೂ ಮೈಮುನಾನೇ, ಏಕೆಂದರೆ ಸತ್ಯವ್ವ ನಡುವೆ ಏನಾದರೂ ಹೇಳಿ ನಗಿಸಿಬಿಡುತ್ತಾರೆ.

ಸುಣ್ಣ, ಮರಳು, ಇಟ್ಟಿಗೆ ಪುಡಿಗೆ ಬೆಲ್ಲದ ನೀರು ಕಲಸಿ ಹರವಿ, ಕಲ್ಲಿನಂತಾಗುವವರೆಗೆ ಬಡಿಯುವ ಈ ಕೆಲಸವನ್ನು ಬೆಂಗೇರಿಯ ಸತ್ಯವ್ವನಿಗೆ ಕಲಿಸಿದವರು ಅತ್ತೆ. ತೊಂಬತ್ತರ ದಶಕದಲ್ಲಿ ಮನೆಮನೆಗೂ ಮೊಸಾಯಿಕ್ ಬಂದು ಗಚ್ಚನ್ನು ಕೇಳುವವರೇ ಇಲ್ಲವಾದರು. ಅದೇ ಹೊತ್ತಿಗೆ ಗಂಡನೂ ತೀರಿಕೊಂಡರು. ಸತ್ಯವ್ವ ಗೋಕುಲ ರಸ್ತೆಯ ಕಾರ್ಖಾನೆ ಕಟ್ಟಡಗಳಲ್ಲಿ ಕಾಂಕ್ರೀಟ್ ಬುಟ್ಟಿ ಹೊತ್ತು ಮಕ್ಕಳನ್ನು ದಡ ಹತ್ತಿಸಿದರು.

"ಅಲ್ಲಿ ನಾ ಹೊತ್ತಿದ್ದು ಎಲ್ಲಿ ಹೋತಂತ ಗೊತ್ತಾಗೂದಿಲ್ರಿ. ಇಲ್ಲಿ ಬಡದದ್ದು ಕಣ್ಣ ಮುಂದ ಇರತೈತಿ" ಎನ್ನುತ್ತಾರೆ.

ಈ ವಾಡೆ ಒಂದೇ ಸಲಕ್ಕೆ ಎದ್ದದ್ದಲ್ಲ. ಬೀದಿ ಕಡೆಯ ಪಡಸಾಲೆ, ಸಾಗವಾನಿ ಕಂಬಗಳು ಏಕನಾಥರ ಮುತ್ತಜ್ಜನವು. ಈಗಿನ ಅಂಗಳ ಆಗ ಹಿತ್ತಲು. ಪ್ಲೇಗು ಅಡಗಿದ ಮೇಲೆ ಊರಿಗೆ ಮರಳಿದ ಅಜ್ಜ ಅದರಾಚೆ ಅಡುಗೆಮನೆ, ಪಕ್ಕಗಳಲ್ಲಿ ಕೋಣೆ, ಮೇಲೊಂದು ಮಹಡಿ ಕಟ್ಟಿಸಿದರು. ನಾಲ್ಕೂ ಕಡೆ ಮನೆ ಬಂದು ಹಿತ್ತಲೇ ಚೌಕವಾಯಿತು. ತೊಂಬತ್ತೈದರಲ್ಲಿ ಏಕನಾಥರು ಅದಕ್ಕೆ ಸಿಮೆಂಟ್ ಬಳಿಸಿದರು. ತೇವ ಗೋಡೆ ಹತ್ತಿತು, ಮಳೆನೀರು ಪಡಸಾಲೆಗೆ ನುಗ್ಗತೊಡಗಿತು.

ಈ ವರ್ಷ, ಎರಡು ಸಾವಿರದ ನಾಲ್ಕರ ಬೇಸಿಗೆಯಲ್ಲಿ, ಅವರು ಚೌಕದ ಮೇಲೆ ಸ್ಲ್ಯಾಬ್ ಎಳೆಸಿ ಮುಚ್ಚಲು ಹೊರಟರು. ಮನೆಗೆ ಬೆಳಕು ಬರುವುದೇ ಇಲ್ಲಿಂದ ಎಂದು ಪತ್ನಿ ಮಂದಾಕಿನಿ ಪಟ್ಟು ಹಿಡಿದು ಸತ್ಯವ್ವನನ್ನು ಹುಡುಕಿಸಿ ಕರೆಸಿದರು. ಮೊದಲ ದೊಡ್ಡ ಮಳೆಯ ನೀರು ಹೊರಗೆ ಹೋದರೆ ಅಂಗಳ ಉಳಿಯಿತು, ನಿಂತರೆ ಸ್ಲ್ಯಾಬ್ ಎಂದು ಗಂಡಹೆಂಡಿರ ಒಪ್ಪಂದವಾಯಿತು. ಈ ಅಂಗಳ ಹೋದರೆ ಮತ್ತಾರೂ ತನ್ನನ್ನು ಗಚ್ಚಿಗೆ ಕರೆಯಲಿಕ್ಕಿಲ್ಲವೆಂಬ ಅಂಜಿಕೆ ಸತ್ಯವ್ವನಿಗೆ.

ಮೊದಲ ಪ್ರಯತ್ನದಲ್ಲಿ ಅವರು ಎಡವಿದರು. ಸಿಮೆಂಟ್ ಒಡೆದಾಗ ಕೆಳಗೆ ಮುತ್ತಜ್ಜನ ಕಾಲದ ಕಲ್ಲಿನ ಮೋರಿ ಸಿಕ್ಕಿತು. ಹಳೆಯವರು ಮಾಡಿದ್ದಕ್ಕೆ ಎರಡು ಮಾತಿಲ್ಲವೆಂದು ಅತ್ತಲೇ ಇಳಿಜಾರು ಕೊಟ್ಟು ಬಡಿದರು. ಪರೀಕ್ಷೆಗೆ ಸುರಿದ ನೀರು ಮೋರಿಗೇನೋ ಇಳಿಯಿತು, ಆಮೇಲೆ ಅಡುಗೆಮನೆಯ ಒಲೆಯ ಪಕ್ಕದಲ್ಲಿ ಉಕ್ಕಿತು. ಅಜ್ಜ ಆ ಮೋರಿಯ ಮೇಲೆಯೇ ಅಡುಗೆಮನೆ ಕಟ್ಟಿದ್ದರು. ಶೇಂಗಾದ ಚೀಲ ಎತ್ತಿಡುತ್ತ ಮಂದಾಕಿನಿ ನಕ್ಕದ್ದೇ ನಕ್ಕದ್ದು.

"ಮುತ್ತಜ್ಜನ ಮಾತ ಕೇಳಿದ್ನಿ, ಅಜ್ಜನ್ನ ಕೇಳೂದ ಮರತ್ನಿ ನೋಡ್ರಿ ಬಾಯಾರ" ಎಂದರು ಸತ್ಯವ್ವ.

ತಾವು ಸೊಸೆಯಾಗಿ ಬಂದಾಗ ನೀರು ಮಹಡಿ ಮೆಟ್ಟಿಲ ಕೆಳಗೆ ಹೋಗುತ್ತಿದ್ದುದು ಮಂದಾಕಿನಿಗೆ ಆಗ ನೆನಪಾಯಿತು. ಅಲ್ಲಿ ಅಗೆದರೆ, ಬೀದಿಯ ಗಟಾರಕ್ಕೆಂದು ಅಜ್ಜ ಹಾಕಿಸಿದ್ದ ಬೇರೆ ಮೋರಿ ಸಿಮೆಂಟ್ ಮೆತ್ತಿಕೊಂಡು ಕೂತಿತ್ತು. ಹೊಸ ನೆಲ ಕಿತ್ತು ಎಲ್ಲವನ್ನೂ ಮತ್ತೆ ಮಾಡಿದರು. ಮಂದಾಕಿನಿಯೂ ಬಡಿಗೆ ಹಿಡಿದು, ತಾಳ ತಪ್ಪಿ, ಚಹಾ ಕುಡಿಸಿದರು.

ಜೂನ್‌ನಲ್ಲಿ ಮಳೆ ಕೊಡದಿಂದ ಹೊಯ್ದಂತೆ ಬರುತ್ತದೆ. ಸತ್ಯವ್ವ ಕಂಬಕ್ಕೊರಗಿ ನೀರಿನ ಹಾದಿ ನೋಡುತ್ತಿದ್ದಾರೆ. ನೀರು ಚೌಕದಲ್ಲಿ ಒಂದು ಸುತ್ತು ಹಾಕಿ ಮೆಟ್ಟಿಲ ಕೆಳಗೆ ನುಸುಳುತ್ತದೆ. ಕೊಡೆ ಹಿಡಿದು ಬೀದಿಗೆ ಓಡಿದ ಏಕನಾಥರು ಗಟಾರ ನೋಡಿ, ನೀರು ಬಂತು ಎಂದು ಅಲ್ಲಿಂದಲೇ ಕೂಗುತ್ತಾರೆ. ಸ್ಲ್ಯಾಬಿನ ಮಾತು ಅಲ್ಲಿಗೆ ಮುಗಿಯಿತು.

ಕೂಲಿಯ ಜೊತೆಗೆ ಇನ್ನೇನು ಬೇಕು ಎಂದು ಮಂದಾಕಿನಿ ಕೇಳಿದರೆ ಸತ್ಯವ್ವ ನಾಚುತ್ತಾರೆ. "ಕೆಲಸ ಮುಗದ ಮ್ಯಾಲ ನಮ್ಮನ್ನ ಯಾರ ಒಳಗ ಕರೀತಾರ್ರಿ? ನಾ ಬಡದ ನೆಲದ ಮ್ಯಾಲ ಕುಂತು ಒಂದ ದಿನಾನೂ ಉಂಡಿಲ್ಲ. ಅದೊಂದ ಆಸೆ."

ಮರುದಿನ ಬಿಸಿಲು ಬಿದ್ದು ಅಂಗಳ ಆರಿದೆ. ಮಂದಾಕಿನಿ ನಡುಚೌಕದಲ್ಲಿ ಸಾಲಾಗಿ ಎಲೆ ಹಾಕಿ, ಗೆಳತಿಯರಿಬ್ಬರನ್ನೂ ಕೂರಿಸಿ, ಹೋಳಿಗೆಯ ಮೇಲೆ ತುಪ್ಪ ಬಡಿಸಿ, ತಾವೂ ಪಕ್ಕದಲ್ಲಿ ಕೂರುತ್ತಾರೆ. ಸತ್ಯವ್ವ ಎಲೆಗೆ ಕೈ ಹಾಕುವ ಮೊದಲು ಅಂಗೈಯಿಂದ ನೆಲವನ್ನು ಮೆಲ್ಲಗೆ ಸವರುತ್ತಾರೆ.

"ಮೈಮುನಾ, ಮುಟ್ಟಿ ನೋಡು," ಎನ್ನುತ್ತಾರೆ. "ಛಲೋ ತಂಪೈತಿ."