ತೊಂಬತ್ತೊಂದು ಎಸಳಿನ ಡೇರೆ

ಒಂದು ಹೂವಿನ ಎಸಳು ಎಣಿಸಲು ಎಷ್ಟು ಹೊತ್ತು ಬೇಕು? ನನಗೆ ಎರಡು ತಾಸು ಬೇಕಾಯಿತು. ತೊಂಬತ್ತೊಂದು. (ಅನುಮಾನ ಬಂದು ಮತ್ತೆ ಎಣಿಸಿದೆ. ತೊಂಬತ್ತು. ಮೂರನೇ ಸಲ ಎಣಿಸಿ ತೊಂಬತ್ತೊಂದನ್ನೇ ಖಾಯಂ ಮಾಡಿದೆ.)

ಹೂವು ಡೇರೆ. ಪೇಟೆಯವರ ಬಾಯಲ್ಲಿ ಡೇಲಿಯಾ. ನಮ್ಮ ಸಿರ್ಸಿ-ಸಿದ್ದಾಪುರ ಸೀಮೆಯ ಹೆಂಗಸರು ಮಳೆಗಾಲದ ಆರಂಭದಲ್ಲಿ ಇದರ ಗಡ್ಡೆಗಳನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳುತ್ತಾರೆ. ಜಾತಿಗೆ ಹೆಸರಿಲ್ಲ. ಯಾರು ಕೊಟ್ಟರೋ ಅದೇ ಹೆಸರು. ಹೇರೂರಿನಲ್ಲಿರುವ ನನ್ನ ಅಕ್ಕನ ಅಂಗಳದ ಒಂದು ಗಿಡಕ್ಕೆ ‘ಆಯಿ ಡೇರೆ’ ಎಂದು ಹೆಸರು. ನಮ್ಮ ತಾಯಿ ತಮ್ಮ ಅಂಗಳದಿಂದ ಕಿತ್ತು ಕೊಟ್ಟದ್ದು. ತಾಯಿ ಹೋಗಿ ಆರು ವರ್ಷವಾಯಿತು, ಆ ಅಂಗಳದ ಗಿಡವೂ ಹೋಯಿತು.

ಚೌತಿಯ ಮರುವಾರ ಅಕ್ಕನ ಫೋನು.

“ಗಡ್ಡೆ ಪೂರಾ ಕೊಳೆತು ಹೋತು ತಮಾ. ಒಂದು ಹೂವು, ಒಂದು ಮೊಗ್ಗು, ಅಷ್ಟೇ ಉಳದ್ದು. ನೀನು ಚಿತ್ರ ಬರೆದು ಕೊಡು.”

“ನಾನೆಂತ ಕಲಾವಿದನನೇ? ಫೋಟೋ ತೆಗೆಸಿದ್ರೆ ಆಗ್ತಿಲ್ಯ?”

“ತೆಗೆಸಿದ್ದೆ ಮಾರಾಯ. ಪೆಪ್ಪರ್‌ಮೆಂಟ್ ಬಣ್ಣ ಬೈಂದು! ನೀನು ಶಾಲೇಲಿ ಡ್ರಾಯಿಂಗ್ ಪರೀಕ್ಷೆ ಪಾಸಾದವ ಅಲ್ದನಾ?”

ಪಾಸಾಗಿದ್ದೆ, ನಿಜ. ಮೂವತ್ತು ವರ್ಷದ ಹಿಂದೆ.

ಅಕ್ಕನ ಲೆಕ್ಕಾಚಾರ ಸರಳ. ಆಯಿ ಡೇರೆಯ ಗಡ್ಡೆಯನ್ನು ಅವಳು ಇಷ್ಟು ವರ್ಷದಲ್ಲಿ ಯಾರ್‍ಯಾರಿಗೋ ಕೊಟ್ಟಿದ್ದಾಳೆ. ಯಾರಿಗೆಂದು ನೆನಪಿಲ್ಲ. ‘ಕೆಂಪು ಡೇರೆ ಇದ್ದಾ?’ ಎಂದು ಕೇಳಿದರೆ ಎಲ್ಲರ ಮನೆಯಲ್ಲೂ ಇದೆ. ಬರುವ ಭಾನುವಾರ ಸಿದ್ದಾಪುರದ ನೆಂಟರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಹೆಂಗಸರೆಲ್ಲ ಸೇರುತ್ತಾರೆ. ಅಲ್ಲಿ ಚಿತ್ರ ತೋರಿಸಿ ಕೇಳಬೇಕು. ಯಾರೂ ಗುರುತು ಹಿಡಿಯದಿದ್ದರೆ ಆಯಿ ಡೇರೆ ಮುಗಿದ ಹಾಗೆ.

ಮರುದಿನ ಟಿಫಿನ್ ಡಬ್ಬಿಯಲ್ಲಿ, ಒದ್ದೆ ಬಟ್ಟೆ ಸುತ್ತಿಕೊಂಡು ಹೂವು ಬಸ್ಸಿನಲ್ಲಿ ಯಲ್ಲಾಪುರಕ್ಕೆ ಬಂತು. ನಾನು ಆಫೀಸಿಗೆ ರಜೆ ಹಾಕಿದೆ. ಪೆನ್ಸಿಲ್ ಚೂಪು ಮಾಡಿದೆ. ಒಂದೊಂದೇ ಎಸಳಿಗೆ ಗೆರೆ ಹಾಕುತ್ತ, ಅಳಿಸುತ್ತ, ಎಣಿಸುತ್ತ ಹೋದೆ. ಒಂದು ಎಸಳು ತಪ್ಪಿದರೆ ತಾಯಿಗೆ ಏನನ್ನಿಸೀತು ಎಂಬ ಚಿಂತೆ. (ಹೌದು, ಹೋದವರ ಅಭಿಪ್ರಾಯದ ಬಗ್ಗೆಯೂ ಚಿಂತಿಸುವ ಪೈಕಿ ನಾನು.) ಬಣ್ಣದ ಟ್ಯೂಬು ತೆರೆಯುವಾಗ ಮಧ್ಯಾಹ್ನ ಕಳೆದಿತ್ತು. ಹೂವು ಕತ್ತು ಚೆಲ್ಲಿ ಮಲಗಿತ್ತು. ಅಂಚು ಕಂದಿ, ಬಣ್ಣ ಮಾಸಿತ್ತು. ಇನ್ನೇನು ಮಾಡಲಿ? ಟ್ಯೂಬಿನ ಕೆಂಪನ್ನೇ ಗೆರೆ ದಾಟದಂತೆ ತೊಂಬತ್ತೊಂದು ಕಡೆ ತುಂಬಿದೆ.

ಆದರೂ ಚಿತ್ರ ನೀಟಾಗಿತ್ತು. ಆ ಹೆಮ್ಮೆಯಲ್ಲೇ ಇಸ್ಮಾಯಿಲ್ ಸಾಹೇಬರಿಗೆ ತೋರಿಸಲು ಒಯ್ದೆ. ನಮ್ಮ ಬೀದಿಯ ಕೊನೆಗೆ ಲಾರಿ ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಅವರು ಪೇಂಟರು. ಈ ದಾರಿಯಲ್ಲಿ ಹೋಗುವ ಎಷ್ಟೋ ಲಾರಿಗಳ ಹಿಂಬಾಗಿಲಲ್ಲಿ ಅರಳಿರುವುದು ಅವರ ಗುಲಾಬಿ.

ಸಾಹೇಬರು ಚಿತ್ರವನ್ನು ದೂರ ಹಿಡಿದು ನೋಡಿದರು.

“ಛಲೋ ಐತ್ರಿ ಹೆಗಡೇರೇ. ಬೇಲಿ ಭಾಳ ಗಟ್ಟಿ ಹಾಕೀರಿ. ಹೂವು ಯಾವಾಗ ಬರೀತೀರಿ?”

ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿರಬೇಕು. ಚಪ್ಪಟೆ ಬ್ರಶ್ ತೆಗೆದುಕೊಂಡರು. ಒಂದು ಮೂಲೆ ಕೆಂಪಿಗೆ ಅದ್ದಿದರು, ಇನ್ನೊಂದು ಮೂಲೆ ಬಿಳಿಗೆ. ಎದುರಿನ ಲಾರಿಯ ಹಲಗೆಯ ಮೇಲೆ ಮಣಿಕಟ್ಟು ಒಮ್ಮೆ ತಿರುಗಿಸಿದರು. ಎಸಳು! ಇನ್ನೊಮ್ಮೆ, ಮತ್ತೊಮ್ಮೆ. ಏಳು ಸಲಕ್ಕೆ ಗುಲಾಬಿ ಎದ್ದು ನಿಂತಿತು. ಎಲ್ಲೂ ಒಂದು ಗೆರೆ ಇಲ್ಲ. ಕೆಂಪು ಗಾಢವಾದಲ್ಲಿ ಎಸಳು ಒಳಗಿತ್ತು, ಬೆಳ್ಳಗಾದಲ್ಲಿ ಹೊರಗಿತ್ತು, ಅಷ್ಟೆ.

“ಗೆರಿ ಯಾಕ್ರಿ? ಎಸಳು ಎಲ್ಲಿ ತಿರಗ್ತೈತಿ ಅಂತ ಬಣ್ಣನ ಹೇಳ್ತೈತಿ. ಕಣ್ಣು ಅರ್ಧ ಮುಚ್ಚಿ ನೋಡ್ರಿ. ಎಣಿಸೋದೆಲ್ಲ ಹೋಗಿ, ನೋಡೋದು ಉಳೀತೈತಿ.”

“ತಪ್ಪಿದರೆ?”

“ಹೂವು ಬಂದು ಕೇಳ್ತೈತೇನ್ರಿ?”

ಹೂವು ಕೇಳದು. ಅಕ್ಕ ಕೇಳುತ್ತಾಳಲ್ಲ!

ಶುಕ್ರವಾರ ಅದೇ ಡಬ್ಬಿಯಲ್ಲಿ ಕೊನೆಯ ಮೊಗ್ಗು ಅರಳಿ ಬಂತು. ಈ ಸಲ ಪೆನ್ಸಿಲನ್ನು ಹೆಂಡತಿಯ ಕೈಗೆ ಕೊಟ್ಟು, ಕೇಳಿದರೂ ಕೊಡಬೇಡ ಎಂದೆ. (ಎರಡು ಸಲ ಕೇಳಿದೆ. ಕೊಡಲಿಲ್ಲ.) ಕಣ್ಣು ಅರ್ಧ ಮುಚ್ಚಿದೆ. ಆಗ ಕಂಡಿತು ನೋಡಿ! ಅದು ಕೆಂಪೇ ಅಲ್ಲ. ನಡುವಿನಲ್ಲಿ ಸೀದ ಬೆಲ್ಲ. ಹೊರಗೆ ಬರುತ್ತ ಬರುತ್ತ ಮುರುಗಲು (ಪೇಟೆಯವರ ಕೋಕಂ) ಸಿಪ್ಪೆ ನೆನೆಸಿದ ನೀರಿನ ಬಣ್ಣ. ಒಂದು ಪಕ್ಕ ಬೆಳಕು ಬಿದ್ದಲ್ಲಿ ಹೆಚ್ಚು ಕಡಿಮೆ ಏನೂ ಇಲ್ಲ, ಕಾಗದ ಖಾಲಿ ಬಿಟ್ಟರೆ ಸಾಕು. ಒದ್ದೆ ಕಾಗದದ ಮೇಲೆ ಬಣ್ಣ ಇಟ್ಟೆ, ಅದು ತಾನೇ ಹರಡಿತು. ಒಂದು ಕಡೆ ಸ್ವಲ್ಪ ಜಾಸ್ತಿಯೇ ಹರಡಿತು. ಇಪ್ಪತ್ತು ನಿಮಿಷಕ್ಕೆ ಮುಗಿಯಿತು. ಹತ್ತಿರದಿಂದ ನೋಡಿದರೆ ಮೇಜಿನ ಮೇಲೆ ಕಷಾಯ ಚೆಲ್ಲಿದ ಹಾಗಿತ್ತು.

ಕಳಿಸಲೋ ಬೇಡವೋ? ಕೊನೆಗೆ ಎರಡೂ ಚಿತ್ರ ಸುತ್ತಿ ಬಸ್ಸಿಗೆ ಕೊಟ್ಟೆ. ಜೊತೆಗೆ ಒಂದು ಚೀಟಿ: “ಎರಡನೆಯದು ಹಾಳಾಗಿದೆ. ಮೊದಲನೆಯದನ್ನೇ ತೋರಿಸು.”

ಭಾನುವಾರವಿಡೀ ಫೋನಿನ ಪಕ್ಕ ಕೂತೆ. ಸಂಜೆ ಅಕ್ಕನ ಕರೆ ಬಂತು.

“ನೀನು ಹೇಳಿದ್ದನ್ನೇ ಮೊದ್ಲು ತೋರಿಸಿದೆ ತಮಾ. ಎಲ್ಲರೂ ಚಂದ ಇದ್ದು ಅಂದ್ರು. ಪ್ರಿಂಟ್ ಹೊಡೆದಾಂಗೇ ಇದ್ದು ಅಂದ್ರು. ಒಬ್ಬರಿಗೂ ಗುರ್ತ ಸಿಕ್ಕಿದ್ದಿಲ್ಲೆ.”

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

“ಮತ್ತೆ?”

“ಮತ್ತೆಂತ, ಇನ್ನೊಂದನ್ನ ಸುಮ್ನೆ ಚಾಪೆ ಮೇಲೆ ಬಿಡಿಸಿಟ್ಟಿದ್ದೆ. ಆಚೆ ಗೋಡೆ ಬದಿಗೆ ನಮ್ಮ ವಯಸ್ಸಾದ ಸರಸತ್ತೆ ಕೂತಿತ್ತು. ಕನ್ನಡಕ ಮನೇಲೇ ಬಿಟ್ಟು ಬಂದಿತ್ತಡ. ಅಲ್ಲಿಂದಲೇ ‘ಅದು ನಿನ್ನ ಆಯಿ ಡೇರೆ ಅಲ್ದನೇ ಕೂಸೆ? ನೀನೇ ಕೊಟ್ಟಿದ್ದೆ, ನಮ್ಮನೆ ಬಚ್ಚಲ ಹಿಂದೆ ನಾಕು ಗಿಡ ಇದ್ದು’ ಹೇಳ್ತು!”

ಮುಂದಿನ ಮಳೆಗಾಲಕ್ಕೆ ಸರಸತ್ತೆಯ ಮನೆಯಿಂದ ಅಕ್ಕನಿಗೆ ಎರಡು ಗಡ್ಡೆ ಬರುತ್ತವಂತೆ.

ಹೂವು ಉಳಿಯಿತು, ಸರಿ. ಆದರೆ ನನಗೊಂದು ಹೊಸ ಚಿಂತೆ ಶುರುವಾಗಿದೆ. ಇಪ್ಪತ್ತು ವರ್ಷ ತಾಯಿಯ ಅಂಗಳದಲ್ಲಿ ಆ ಡೇರೆಯ ಬುಡದಲ್ಲೇ ನಿಂತು ಹಲ್ಲುಜ್ಜಿದವನು ನಾನು. ಆ ಭಾನುವಾರ ಚಾಪೆಯ ಎದುರು ಸರಸತ್ತೆಯ ಬದಲು ನಾನು ಕೂತಿದ್ದರೆ, ಕಣ್ಣಿಗೆ ಕನ್ನಡಕವೂ ಇದ್ದಿದ್ದರೆ, ಗುರುತು ಹಿಡಿಯುತ್ತಿದ್ದೆನೇ?