ಖಾಲಿ ಜಾಗ ತೊಳೆಯುವ ಶೇವಂತಿ

ಬೆಳಗಿನ ಐದೂವರೆ. ಮುಧೋಳ ಬಸ್ ನಿಲ್ದಾಣದ ಹಿಂದಿನ ಹಳೆ ಕಂಪ್ಯೂಟರ್ ಅಂಗಡಿಯ ಶಟರ್ ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗುವ ಶೇವಂತಿ ಮೊದಲು ನೋಡುವುದು ಗೋಡೆಯ ಕೆಂಪು ದೀಪ. ಕರೆಂಟ್ ಇದೆ. ಹತ್ತಕ್ಕೆ ಹೋಗುತ್ತದೆ. ಅಷ್ಟರೊಳಗೆ ಊಟದ ಡಬ್ಬಿ ಚೀಲದಲ್ಲಿ ತಂದಿರುವ ಕಂಪ್ಯೂಟರ್ ಡಿಸ್ಕಿನ ಖಾಲಿ ಜಾಗವನ್ನು ಮೂರು ಸುತ್ತು ತೊಳೆಯಬೇಕು.

ಖಾಲಿಯನ್ನು ತೊಳೆಯುವುದೆಂದರೇನು? ಒಂಬತ್ತು ವರ್ಷದ ಹಿಂದೆ ಮಾಲೀಕ ಮುರಗೆಪ್ಪನವರೂ ಹೀಗೆ ಕೇಳಿ ನಕ್ಕಿದ್ದರು. ಶೇವಂತಿಯ ಉತ್ತರ ಆಗಲೂ ಇದೇ, 2011ರ ಈ ದಸರೆಗೂ ಇದೇ: "ಹೊಲದ ಪಹಣಿ ಉತಾರದಾಗಿನ ಹೆಸರು ಕಿತ್ತಿ ಒಗದ್ರ ಹೊಲ ಎಲ್ಲಿ ಹೋಕ್ಕೈತ್ರಿ? ಡಿಲೀಟ್ ಅಂದ್ರೂ ಅಷ್ಟ. ಹೆಸರು ಹೋತು, ಮಾಲು ಅಲ್ಲೇ ಬಿದ್ದಿರತೈತಿ. ಅದರ ಮ್ಯಾಲ ಹಾಳೂಮೂಳೂ ಬರದು ಮುಚ್ಚಬೇಕು."

ಬೀಳಗಿಯಲ್ಲಿ ಟೈಪಿಂಗ್ ಕಲಿತ ಮೂವತ್ತನಾಲ್ಕರ ಹೆಣ್ಣುಮಗಳು ಈಕೆ. ವಾರಕ್ಕೆ ಐದಾರು ಯಂತ್ರ, ಒಂದೊಂದಕ್ಕೆ ನಾಲ್ಕು ತಾಸು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿನಿಂದ. ಅಂಗಡಿಯ ಬೋರ್ಡಿನಲ್ಲಿ ರಿಪೇರಿ ಇದೆ, ಮಾರಾಟ ಇದೆ, ಝೆರಾಕ್ಸೂ ಇದೆ. ಈ ಕೆಲಸ ಮಾತ್ರ ಇಲ್ಲ.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತೆಂದರೆ ಹಳೆಯ ಯಂತ್ರಗಳ ಸುಗ್ಗಿ. ಪೂಜೆಗೆ ಹೊಸದು ಕೂರಬೇಕಲ್ಲ! ನಿನ್ನೆ ಸಂಜೆ ರಕ್ತ ತಪಾಸಣೆಯ ಒಂದು ಲ್ಯಾಬಿನಿಂದ ಸಂಜಯ ಎಂಬ ಸಹಾಯಕ ಹಳೆ ಕಂಪ್ಯೂಟರ್ ಹೊತ್ತು ತಂದ. "ಎಲ್ಲಾ ಡಿಲೀಟ್ ಮಾಡಿ, ವಿಭೂತಿ ಹಚ್ಚಿ ತಂದೇನ್ರಿ ಅಕ್ಕಾರ. ಶುದ್ಧ ಆಗೇತಿ." ಅದನ್ನು ಕೊಂಡು ಒಯ್ಯಲು ರನ್ನ ಬೆಳಗಲಿಯ ನೆಟ್ ಸೆಂಟರಿನ ವಿಠೋಬಾ ಗೋಣಿಚೀಲ ಹಿಡಿದು ನಿಂತೇ ಇದ್ದ.

ಹತ್ತು ನಿಮಿಷ ಕೊಡಿ ಎಂದಳು ಶೇವಂತಿ. ಅಳಿಸಿದ್ದನ್ನು ಹುಡುಕಿ ತೆಗೆಯುವ ತಂತ್ರಾಂಶ ಓಡಿಸಿದಳು. ಹೆಂಗಸರ ಹೆಸರು, ಗಂಡಂದಿರ ಹೆಸರು, ಊರು, ಅದರ ಮುಂದೆ ಊರಲ್ಲಿ ಯಾರೂ ಬಾಯಿಬಿಟ್ಟು ಹೇಳದ ಕಾಯಿಲೆಯ ಪರೀಕ್ಷೆಯ ಫಲಿತಾಂಶ. ಒಂದು ಸಾಲಿನಲ್ಲಿ ವಿಠೋಬಾನ ಊರು ಬೆಳಗಲಿಯ ಹೆಣ್ಣುಮಗಳೇ ಇದ್ದಳು. ಪರದೆಯನ್ನು ಗೋಡೆಯ ಕಡೆ ತಿರುಗಿಸಿಬಿಟ್ಟಳು.

"ಸೂಜಿ ಚುಚ್ಚೂವಾಗ ಬಾಗಲಾ ಹಾಕ್ಕೋತೀರಿ, ಹೆಸರು ಮಾತ್ರ ಊರಿಗೆ ಹಂಚತೀರೇನು? ನಿಮ್ಮ ಅಕ್ಕತಂಗೇರ ಹೆಸರು ಇದ್ರಾಗ ಇದ್ರ ವಿಭೂತಿ ಸಾಕಾಗತಿತ್ತೇನು?"

ಸಂಜಯ ಲ್ಯಾಬಿನ ಧಣಿಗೆ ಫೋನ್ ಹಚ್ಚಿ ಆಕೆಯ ಕೈಗೆ ಕೊಟ್ಟ. ಧಣಿ ಅತ್ತಲಿಂದ, ಎಲೆಅಡಿಕೆ ಒಂದು ದವಡೆಗೆ ಸರಿಸಿ, "ಹೆ ಹೆ ಹೆ... ಹಳ್ಳ್ಯಾಗ ಅದನ್ನ ಯಾಂವ ಹುಡಕತಾನ ಬಿಡವಾ" ಎಂದರಂತೆ. ಯಾವನಾದರೂ ಹುಡುಕುತ್ತಾನೆ ಸ್ವಾಮಿ! ಅದಕ್ಕೆ ಬೇಕಾದದ್ದು ಪುಕ್ಕಟೆ ತಂತ್ರಾಂಶ ಮತ್ತು ಕೆಲಸವಿಲ್ಲದ ಒಂದು ಮಧ್ಯಾಹ್ನ. ನೀವು ಅಳಿಸದೆ ಬಿಟ್ಟದ್ದು ಒಬ್ಬಳನ್ನು ಜನ್ಮವಿಡೀ ಅಳಿಸುತ್ತದೆ. ರಕ್ತ ತೆಗೆಯಲು ಕಲಿತವರಿಗೆ ಮಾನ ಉಳಿಸಲು ಕಲಿಸುವವರು ಯಾರು?

"ಹಬ್ಬ ಐತಿ, ಕೊಟ್ಟು ಕಳಸವಾ" ಎಂದರು ಮುರಗೆಪ್ಪ.

"ಕೊಡೂದಿಲ್ರಿ ಸಾವಕಾರ್ರ. ಬೇಕಾದ್ರ ನನ್ನ ಕೆಲಸದಿಂದ ತಗೀರಿ" ಎಂದ ಶೇವಂತಿ ಡಿಸ್ಕನ್ನೇ ಬಿಚ್ಚಿ ಮನೆಗೆ ಒಯ್ದಳು.

ಈಗ ಒಂಬತ್ತೂ ನಲವತ್ತು. ಮೂರನೆಯ ಸುತ್ತು ಮುಗಿದಿದೆ. ಹೊರಗೆ ವಿಠೋಬಾ, "ಪೂಜಿಗಿ ತಡಾ ಆಗಾಕತ್ತೇತಿ ಬೇ ಶೇವಂತಿ" ಎಂದು ಗೊಣಗುತ್ತಿದ್ದಾನೆ. ಆಕೆ ಮತ್ತೊಮ್ಮೆ ಹುಡುಕಿಸುತ್ತಾಳೆ. ಏನೂ ಸಿಗುವುದಿಲ್ಲ. ಡಿಸ್ಕ್ ಕೂರಿಸಿ, ತಿರುಪು ಬಿಗಿದು ಕೊಡುತ್ತಾಳೆ.

ಆ ಬೆಳಗಲಿಯ ಹೆಣ್ಣುಮಗಳಿಗೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದರೆ ಶೇವಂತಿ ತಲೆ ಅಲ್ಲಾಡಿಸುತ್ತಾಳೆ.

"ಆಕಿ ವಿಠೋಬಾನ ಸೆಂಟರಿನ್ಯಾಗ ಇದರ ಮುಂದ ಕುಂತು ತನ್ನ ಮಕ್ಕಳ ಅರ್ಜಿ ತುಂಬಲಿ, ಸಾಕು. ನಾ ಯಾರಂತ ಆಕಿಗೆ ಗೊತ್ತಾಗೂದು ಬ್ಯಾಡ. ಆಕಿ ಹೆಸರು ನಾನೂ ಮರತೇನಿ."