ಪಿಸುಗುಟ್ಟಿಸಿದ ತಪ್ಪಿಗೆ

ಜಪಾನಿ ಭಾಷೆಯಲ್ಲಿ ಜನ ಮಾತನಾಡುವ ಬಗೆಬಗೆಗೂ ಒಂದೊಂದು ಅನುಕರಣ ಪದವಿದೆ. ಕಿವಿಯಲ್ಲಿ ಪಿಸುಗುಟ್ಟಿದರೆ ‘ಹಿಸೊಹಿಸೊ’, ತನ್ನಷ್ಟಕ್ಕೆ ಗೊಣಗಿದರೆ ‘ಬುತ್ಸುಬುತ್ಸು’, ಸಿಡಿಮಿಡಿಗೊಂಡು ಬೈದರೆ ‘ಗಮಿಗಮಿ’. ಪಠ್ಯಪುಸ್ತಕಗಳು ಕೊನೆಯ ಪುಟಕ್ಕೆ ತಳ್ಳಿದ ಈ ಪದಗಳಲ್ಲೇ ಭಾಷೆಯ ಜೀವವಿದೆಯೆಂದು ನಂಬಿ, ಅಮೆರಿಕದ ಮೇರಿಲ್ಯಾಂಡಿನ ಕಾಲೇಜೊಂದರಲ್ಲಿ ಹದಿನಾಲ್ಕು ವರ್ಷ ಜಪಾನಿ ಕಲಿಸಿ ಈಗ ನಿವೃತ್ತರಾಗುತ್ತಿರುವವರು ಶ್ರೀಮತಿ ವಾರಿಜಾಕ್ಷಿಯವರು. ಕಾಲೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೆ ಆ ಯೋಗ್ಯತೆಯಿಲ್ಲ.

ಮಂಗಳೂರಿನಲ್ಲಿ ಹುಟ್ಟಿ, ಹಡಗು ಕಂಪನಿಯಲ್ಲಿದ್ದ ಪತಿ ಭುಜಂಗರಾಯರೊಂದಿಗೆ ಜಪಾನಿನ ಕೋಬೆಯಲ್ಲಿ ಹತ್ತು ವರ್ಷ ಸಂಸಾರ ಮಾಡಿದ ಅವರು, ಮೀನಿನಂಗಡಿಯಲ್ಲೂ ಮೆಟ್ಟಿಲ ಹರಟೆಯಲ್ಲೂ ಕಿವಿಗೆ ಬಿದ್ದ ಪದಗಳನ್ನೆಲ್ಲ ಚೀಟಿಗಳಲ್ಲಿ ಬರೆದಿಟ್ಟುಕೊಂಡರು. 1985ರಲ್ಲಿ ಮೇರಿಲ್ಯಾಂಡಿನ ಎಲಿಕಾಟ್ ಸಿಟಿಗೆ ಬಂದು ಆ ಕಾಲೇಜಿನಲ್ಲಿ ಅರೆಕಾಲಿಕ ಅಧ್ಯಾಪಕಿಯಾದರು. ಅವರ ತರಗತಿಯಲ್ಲಿ ಅರ್ಥ ಹೇಳುವ ಪದ್ಧತಿಯೇ ಇರಲಿಲ್ಲ. ‘ನಾಳೆ ಮಳೆ ಬರುತ್ತದೆ’ ಎಂಬ ಒಂದೇ ವಾಕ್ಯವನ್ನು ವಿದ್ಯಾರ್ಥಿಗಳು ಪಿಸುಗುಟ್ಟಬೇಕು, ಗೊಣಗಬೇಕು. ಬೈಯುವ ಬಗೆಯನ್ನು ಮಾತ್ರ ತಾವೇ ಆಡಿ ತೋರಿಸುತ್ತಿದ್ದರು. ಬಸ್ಸು ತಪ್ಪಿಸಿಕೊಂಡವರನ್ನು ತಮ್ಮ ಕಾರಿನಲ್ಲೇ ಮನೆ ಮುಟ್ಟಿಸುವಾಗಲೂ ಈ ಪಾಠ ನಡೆಯುತ್ತಿತ್ತು.

1993ರಲ್ಲಿ ಕಾಯಂ ಹುದ್ದೆಗೆ ಅವರ ಹೆಸರು ಬಂತು. ತರಗತಿ ನೋಡಲು ಬಂದ ವಿಭಾಗದ ಮುಖ್ಯಸ್ಥರಿಗೆ ಜಪಾನಿಯ ಗಂಧಗಾಳಿಯೂ ಇರಲಿಲ್ಲ. ಹಿಂದಿನ ಸಾಲಿನಲ್ಲಿ ಇಪ್ಪತ್ತು ನಿಮಿಷ ಕುಳಿತು ಎದ್ದುಹೋದ ಆ ಮಹಾಶಯರ ವರದಿ ಇಷ್ಟೇ: ಪಾಠದ ನಡುವೆ ವಿದ್ಯಾರ್ಥಿಗಳು ಪಿಸುಗುಟ್ಟುತ್ತಾರೆ, ಗೊಣಗುತ್ತಾರೆ, ಅಧ್ಯಾಪಕಿ ಕಾರಣವಿಲ್ಲದೆ ರೇಗುತ್ತಾರೆ, ಶಿಸ್ತಿಲ್ಲ. ಕಲಿಸಿದ ಪಾಠವನ್ನೇ ಅಪರಾಧವಾಗಿಸಿದ ಈ ಕಾಗದವನ್ನು ಮೇಲಿನವರಲ್ಲಿ ಒಬ್ಬರಾದರೂ ಪ್ರಶ್ನಿಸಲಿಲ್ಲ. ಹುದ್ದೆ ಕೈತಪ್ಪಿತು.

ಆ ತರಗತಿಯಲ್ಲಿದ್ದ ಕನ್ನಡದ ಮನೆಯ ವಿದ್ಯಾರ್ಥಿನಿ ಯಾಮಿನಿ ಸುಮ್ಮನಿರಲಿಲ್ಲ. “ಆಂಟಿ, ದಟ್ ವಾಸ್ ದ ಲೆಸನ್. ನಾವೆಲ್ಲ ಸೈನ್ ಮಾಡಿ ಲೆಟರ್ ಕೊಡ್ತೀವಿ,” ಎಂದಳು. ಹತ್ತೊಂಬತ್ತು ಸಹಿಗಳ ಪತ್ರ ಹೋಯಿತು. ವಿದ್ಯಾರ್ಥಿಗಳ ಅಭಿಪ್ರಾಯ ಪಡೆಯುವ ನಿಯಮವಿಲ್ಲ ಎಂಬ ಒಂದೇ ಸಾಲಿನ ಉತ್ತರ ಬಂತು. ವಾರಿಜಾಕ್ಷಿಯವರು ಅದನ್ನು ಓದಿ ಅಡುಗೆಮನೆಯಲ್ಲಿ ನಿಂತು ಅತ್ತರು. ತಮಗಿಂತ ಹೆಚ್ಚಾಗಿ ಆ ಹತ್ತೊಂಬತ್ತು ಮಂದಿಗಾದ ಅವಮಾನ ಅವರ ಹೊಟ್ಟೆ ಉರಿಸಿತ್ತು. ಮರುದಿನ ತರಗತಿಗೆ ಹೋಗಿ ಅದೇ ಪಾಠ ಮುಂದುವರಿಸಿದರು. ಮತ್ತೆ ಆರು ವರ್ಷ, ಸೆಮಿಸ್ಟರಿಗೊಂದು ಹೊಸ ಕರಾರು.

ಈ ಮೇ ತಿಂಗಳ ಬೀಳ್ಕೊಡುಗೆಯಲ್ಲಿ ಅದೇ ಮುಖ್ಯಸ್ಥರು ಹೂಗುಚ್ಛ ಕೊಟ್ಟು, ಇವರು ನಮ್ಮ ಕಾಲೇಜಿನ ಹೆಮ್ಮೆ ಎಂದು ಭಾಷಣ ಬಿಗಿದರು. ಆ ಮುಖದಲ್ಲಿ ಅಳುಕಿನ ಸುಳಿವೂ ಇರಲಿಲ್ಲ.

ಅವರ ಚೀಟಿಗಳೆಲ್ಲ ಪದಕೋಶವಾಗಿ ಹೊರಬರಲಿ, ಅದರ ಹತ್ತನೆಯ ಮುದ್ರಣದ ಕರಡನ್ನೂ ಅವರೇ ತಿದ್ದುವಷ್ಟು ಆಯುರಾರೋಗ್ಯ ಅವರಿಗಿರಲಿ ಎಂಬುದು ಶಿಷ್ಯರೆಲ್ಲರ ಹಾರೈಕೆ. ಶಿಷ್ಯರು ಸೇರಿ ತರುತ್ತಿರುವ ಈ ಅಭಿನಂದನಾ ಸಂಪುಟದ ಮುಖಪುಟದಲ್ಲಿ ಅವರ ಹೆಸರಿನ ಮುಂದೆ ‘ಪ್ರಾಧ್ಯಾಪಕಿ’ ಎಂದು ಯಾಮಿನಿ ಪ್ರೀತಿಯಿಂದ ಸೇರಿಸಿದ್ದಳು. ವಾರಿಜಾಕ್ಷಿಯವರು ಅದನ್ನು ಹೊಡೆದುಹಾಕಿದರು.

“ಪಾರ್ಟ್ ಟೈಮ್ ಅಂತಲೇ ಹಾಕು. ಹದಿನಾಲ್ಕು ವರ್ಷ ಅಂತಲೂ ಹಾಕು. ನಾಚಿಕೆ ಆಗಬೇಕಾದ್ದು ನನಗಲ್ಲ.”